ಸಮಸ್ಯೆ: ‘ಸಿಂಗಂ ಸೊಪ್ಪಂ ಮೆಲುತ್ತುಮಿರ್ದುದು ನೋಡಾ’

ಮಲಪ್ರಭೆ: ಬನದ ಹುಣ್ಣಿಮೆ ಹತ್ತಿರ ಬಂತು. ಈ ವಾರ ಬಾದಾಮಿ ಪಕ್ಕದ ಬನಶಂಕರಿಗೇ ಹೋಗೋಣ. ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು ಮೇಲಿದೆ; ಸಿಂಹ ಸೊಪ್ಪು ತಿಂದದ್ದು ಹೇಗೆ ಅಂತ ಒಪ್ಪಿಸುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ‘ಕನಸಿನಲ್ಲಿ ಕಂಡೆ’ ಅಂತ ಜಾರಿಕೊಳ್ಳುವ ಹಾಗಿಲ್ಲ.

ತಿಲಕಾರಣ್ಯ:
ಹಿಂಗದ ಬರದೊಳ್ ಜಗಮಂ
ಅಂಗದೊಳೊಗೆದೆಲೆಗಳಿಂದೆ ಶಾಂಕರಿ ಪೊರೆಯಲ್
ಸಂಗಡಮಿರ್ದಾ ವಾಹನ
ಸಿಂಗಂ ಸೊಪ್ಪಂ ಮೆಲುತ್ತುಮಿರ್ದುದು ನೋಡಾ

ಬರಗಾಲದಲ್ಲಿ ಮೈಯಿಂದಲೇ ಸೊಪ್ಪು ತರಕಾರಿ ಬೆಳೆದು ಕೊಟ್ಟ ಶಾಕಂಭರಿ ನಮ್ಮ ಬನಶಂಕರಿ. ಊರಿಗೆಲ್ಲ ಅದೇ ಊಟ ಅಂದಮೇಲೆ ಸಿಂಹಕ್ಕೆ ಬೇರೆ ಅಡುಗೆ ಮಾಡ್ತಾರಾ?

ಹಳೆಗನ್ನಡಿ: ಪರಿಹಾರ ಒಪ್ಪಿದೆ. ಆದರೆ ‘ವಾಹನಸಿಂಗಂ’? ಸಂಸ್ಕೃತ ಪದಕ್ಕೆ ಕನ್ನಡ ಪದ ಹೊಲಿದಿದ್ದೀರಿ, ಶುದ್ಧ ಅರಿಸಮಾಸ ಕಣ್ರೀ.

ತಿಲಕಾರಣ್ಯ: ಸಮಾಸ ಎಲ್ಲಿದೆ ಸರ್? ಅಲ್ಲಿಗೆ ಸಾಲು ಮುಗಿಯಿತು. ಅದು ಬಿಡಿ ಪದ.

ಹಳೆಗನ್ನಡಿ: ಬಿಡಿ ಪದಕ್ಕೆ ವಿಭಕ್ತಿ ಬೇಡವಾ? ‘ವಾಹನಂ’ ಅಂತ ಬರೆದು ಮಾತ್ರೆ ಎಣಿಸಿ ನೋಡಿ. ಕಳೆದ ಯುಗಾದಿಗೂ ಇದೇ ವಾದ ಹೂಡಿದ್ದಿರಿ.

ತಿಲಕಾರಣ್ಯ: ಯುಗಾದಿಯ ಲೆಕ್ಕ ಇನ್ನೂ ಇಟ್ಟುಕೊಂಡಿದ್ದೀರಾ!

ಗರಿಕೆ:
ಅಂಗಳದಾ ಕಲ್ಗೊಂಬೆಯ
ಭಂಗದೆ ಬಾಯ್ ಬಿರಿಯೆ ಚಿಗುರೆ ಗರಿಕೆಯುಮಲ್ಲಿಂ
ಕಂಗಳನರಳಿಸೆ ಕಂದಂ
ಸಿಂಗಂ ಸೊಪ್ಪಂ ಮೆಲುತ್ತುಮಿರ್ದುದು ನೋಡಾ

ಮಲಪ್ರಭೆ: ಚೆಂದ ಇದೆ ಅಕ್ಕಾ. ಕಲ್ಲಿನ ಸಿಂಹದ ಒಡೆದ ಬಾಯಲ್ಲಿ ಗರಿಕೆ ಚಿಗುರಿದೆ, ಮಗು ಕಣ್ಣರಳಿಸಿ ನೋಡ್ತಿದೆ.

ಹಳೆಗನ್ನಡಿ: ಹೂಂ, ಇದು ಸರಿ. ತಿಲಕಾರಣ್ಯರೇ, ‘ಸಂಗಡಮಿರ್ದಾಕೆಯ ಬಲ್’ ಅಂತ ತಿದ್ದಿದರೆ ‘ಬಲ್ಸಿಂಗಂ’, ಅಂದರೆ ಬಲವಾದ ಸಿಂಹ, ಆಗುತ್ತೆ. ದೋಷ ಹೋಯಿತು.

ತಿಲಕಾರಣ್ಯ: ದೋಷದ ಜೊತೆಗೆ ವಾಹನವೂ ಹೋಯಿತು. ತಾಯಿ ಕೂರುವುದು ಎಲ್ಲಿ? ಗುಡಿಯಲ್ಲಿರೋದು ಸಿಂಹದ ಮೇಲೆ ಕೂತ ಎಂಟು ಕೈಗಳ ಕರಿಕಲ್ಲಿನ ಮೂರ್ತಿ. ನೀವು ಸಿಂಹವನ್ನು ಸುಮ್ನೆ ಪಕ್ಕಕ್ಕೆ ನಿಲ್ಲಿಸಿದಿರಿ.

ಹಳೆಗನ್ನಡಿ: ‘ಸಂಗಡ’ ಅಂತ ಪಕ್ಕಕ್ಕೆ ನಿಲ್ಲಿಸಿದ್ದು ನೀವು!

ಇತಿಹಾಸದವ: ಗರಿಕೆಯವರ ಕಲ್ಗೊಂಬೆ ಯಾವ ಕಾಲದ್ದು? ಈಗಿನ ಗುಡಿ 1750ರಲ್ಲಿ ಪರಶುರಾಮ ಆಗಳೆ ಕಟ್ಟಿಸಿದ್ದು. ಚಾಲುಕ್ಯರ ಕಾಲದ ಗುಡಿ ಬೇರೆ.

ಗರಿಕೆ: ಗರಿಕೆ ಬೆಳೆಯೋಕೆ 1750ರಿಂದ ಈಚೆಗೆ ಟೈಮ್ ಸಾಲಲಿಲ್ವಾ ಸರ್?

ಪುಂಡಿಪಲ್ಯ: ಎಲ್ಲರೂ ಗರ್ಭಗುಡಿ ಹತ್ತಿರವೇ ನಿಂತುಬಿಟ್ಟಿರಿ. ಜಾತ್ರೆಗೆ ಬರುವ ನಾಟಕ ಕಂಪನಿಗಳು ನೆನಪಿಲ್ವಾ? ಆಟ ಮುಗಿಸಿದ ನಟನಿಗೆ ಹಸಿವಾಗಲ್ವಾ? ಗುಡಿ ಮುಂದಿನ ಹೊಂಡದ ದಡದಲ್ಲಿ ಅವ್ವಂದಿರು ಬುಟ್ಟಿ ಇಟ್ಕೊಂಡು ಕೂತಿರ್ತಾರೆ. ಕಟಕ್ ರೊಟ್ಟಿ, ಮೇಲೆ ಒಂದು ಹಿಡಿ ಪಲ್ಯ, ಕೆಂಪು ಚಟ್ನಿ. ತಟ್ಟೆ ಬೇಕಿಲ್ಲ, ರೊಟ್ಟಿಯೇ ತಟ್ಟೆ.

ರಂಗದೆ ನಟಿಸಿದ ದಣಿವಿಂ
ಸಂಗಡಿಗರ ಕೂಡೆ ಬಂದು ಹೊಂಡದ ದಡದೊಳ್
ನುಂಗುತೆ ರೊಟ್ಟಿಯನಾ ನಟ
ಸಿಂಗಂ ಸೊಪ್ಪಂ ಮೆಲುತ್ತುಮಿರ್ದುದು ನೋಡಾ

ಹಳೆಗನ್ನಡಿ: ‘ನಟಸಿಂಗಂ’! ಬೇಕಂತಲೇ ಮಾಡಿದ್ದೀರಿ.

ಪುಂಡಿಪಲ್ಯ: ಹೌದು ಮೇಷ್ಟ್ರೇ. ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನಲ್ಲ. ‘ನಟಸಿಂಗ’ ಅನ್ನೋದು ನಮ್ಮವನ ಬಿರುದು.

ಹಳೆಗನ್ನಡಿ: ಕೊಟ್ಟವರು ಯಾರು ಆ ಬಿರುದನ್ನು?

ಪುಂಡಿಪಲ್ಯ: ಕಂಪನಿ ಮಾಲೀಕರು. ಸಂಬಳದ ಬದಲಿಗೆ.

ತಿಲಕಾರಣ್ಯ: ಹಾಗಾದರೆ ‘ವಾಹನಸಿಂಗ’ವೂ ಬಿರುದೇ. ದೇವಿಯೇ ಕೊಟ್ಟಿದ್ದು.

ಹಳೆಗನ್ನಡಿ: ಹೀಗೆ ಹೋದರೆ ನಾಳೆ ಪಲ್ಯದ ಹಬ್ಬದಲ್ಲಿ ದೇವಿಗೆ ಎಡೆ ಇಡುವ 108 ಬಗೆಗೂ ಒಂದೊಂದು ಬಿರುದು ಕೊಡ್ತೀರಿ.

ಇತಿಹಾಸದವ: ಪಲ್ಯದ ಹಬ್ಬ ತೇರಿಗೆ ಮುಂಚೆ ಬರುತ್ತೆ. ಸಿಂಹ ಸೊಪ್ಪು ತಿಂದಿದ್ದು ಅವತ್ತೇ ಅಂತ ಯಾರೂ ಬರೀಲಿಲ್ಲ ನೋಡಿ.

ಮಲಪ್ರಭೆ: ನೀವೇ ಬರೀರಿ ಸರ್, ಜಾಗ ಖಾಲಿ ಇದೆ. ಹಳೆಗನ್ನಡಿಯವರೇ, ನಿಮ್ಮ ಕಂದ ಎಲ್ಲಿ?

ಹಳೆಗನ್ನಡಿ: ಬರುತ್ತೆ. ‘ಸಿಂಗಂ’ಗೆ ಪ್ರಾಸ ಕೂಡುವ ಅಂಗಳ, ಕಂಗಳ, ಸಂಗಡ, ರಂಗ ಎಲ್ಲ ನೀವೇ ಖಾಲಿ ಮಾಡಿದ್ದೀರಿ.

ತಿಲಕಾರಣ್ಯ: ‘ತೆಂಗಿನಕಾಯಿ’ ಉಳಿದಿದೆ ಸರ್. ಜಾತ್ರೆಗೂ ಬೇಕಾಗುತ್ತೆ.