ಏರಿನಲ್ಲಿ ಜರ್ಕ್ ಹೊಡೆಯುವ ಹಳೆ ಕಾರು: ಫ್ಯೂಯೆಲ್ ಪಂಪ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2008ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಊರೊಳಗೆ ಆರಾಮಾಗಿ ಓಡುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುವಾಗ ಮಾತ್ರ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಎಳೆಯುತ್ತದೆ, ಮರುಕ್ಷಣ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಆಗುತ್ತದೆ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದೆ. ಒಂದು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಗ್ಯಾರೇಜಿನವರು ಫ್ಯೂಯೆಲ್ ಪಂಪ್ ಹೋಗಿದೆ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ ಸರ್. ಗೇಜ್ ಹಾಕಿ ಪೆಟ್ರೋಲ್ ಪ್ರೆಶರ್ ನೋಡಿದರಾ? ನೋಡದೆ ಪಂಪ್ ಹೋಗಿದೆ ಅನ್ನಲು ಬರುವುದಿಲ್ಲ. ಮೊದಲು ಇಷ್ಟು ಹೇಳಿ. ಜರ್ಕ್ ಟಕ್ ಟಕ್ ಅಂತ ಬರುತ್ತದಾ, ಇಲ್ಲಾ ಪವರ್ ನಿಧಾನವಾಗಿ ಇಳಿದುಹೋಗುತ್ತದಾ? ಮಳೆಯಲ್ಲಿ ಜಾಸ್ತಿಯಾ? ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವುದು, ಹೇಗಿದೆ?

ಪ್ರಶ್ನೆ: ಟಕ್ ಟಕ್ ಅಂತಲೇ ಸರ್. ಮಳೆ ಬಂದ ದಿನ ತುಂಬಾ ಜಾಸ್ತಿ. ಐಡ್ಲಿಂಗ್ ಚೆನ್ನಾಗಿದೆ.

ಉತ್ತರ: ಹಾಗಾದರೆ ನನ್ನ ಅನುಮಾನ ಕರೆಂಟಿನ ಕಡೆಗೆ. ಪಂಪ್ ಸೋತರೆ ಸಾಮಾನ್ಯವಾಗಿ ಏರಿನಲ್ಲಿ ಗಾಡಿ ಮೆಲ್ಲಗೆ ಸುಸ್ತಾಗುತ್ತದೆ, ಅದಕ್ಕೆ ಮಳೆ ಬಿಸಿಲು ಅಂತಿಲ್ಲ. ಪೆಡಲ್ ಜೋರಾಗಿ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ. ಆಗ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ಎಲ್ಲೋ ಬಿರುಕಿದ್ದರೆ ಕರೆಂಟ್ ಗ್ಯಾಪ್ ಬಿಟ್ಟು ಅಲ್ಲಿಂದಲೇ ಎಂಜಿನ್ನಿನ ಲೋಹಕ್ಕೆ ಹಾರಿಬಿಡುತ್ತದೆ. ತೇವ ಇದ್ದರೆ ಕೇಳುವುದೇ ಬೇಡ.

ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿಸಿ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದೆಯಾ ನೋಡಿ, ಅದು ಕರೆಂಟ್ ಹಾರಿದ ಗುರುತು. ಪ್ಲಗ್ ವೈರಿನ ತುದಿಯಲ್ಲಿರುವ ಕ್ಯಾಪಿನ ರಬ್ಬರಿನೊಳಗೂ ಟಾರ್ಚ್ ಬಿಟ್ಟು ನೋಡಿ. ಹಳೆ ಕ್ಯಾಪಿನಲ್ಲಿ ಗೆರೆ ಉಳಿದಿದ್ದರೆ ಹೊಸ ಪ್ಲಗ್ಗಿನ ಮೇಲೂ ಬೇಗನೆ ಗೆರೆ ಬೀಳುತ್ತದೆ. ಒಂದೇ ವಾರ ಸರಿ ಇದ್ದದ್ದಕ್ಕೆ ಇದೇ ಕಾರಣ ಇರಬಹುದು. ಪ್ಲಗ್ ಕೂರುವ ಗುಳಿಯಲ್ಲಿ ಆಯಿಲ್ ನಿಂತಿದ್ದರೆ ಮೇಲಿನ ಸೀಲ್ ಕೂಡ ಬದಲಿಸಬೇಕು.

ಇನ್ನೊಬ್ಬ ಸದಸ್ಯರು: ಸರ್, ನಂದು ಉಲ್ಟಾ. ಏರಿನಲ್ಲಿ ಸಮಸ್ಯೆ ಇಲ್ಲ. ಟ್ರಾಫಿಕ್ಕಿನಲ್ಲಿ ಪೆಡಲ್ ಸ್ವಲ್ಪ ಒತ್ತಿದಾಗ, ಪ್ರತಿ ಸಲ ಅದೇ ಜಾಗದಲ್ಲಿ ಜರ್ಕ್.

ಉತ್ತರ: ಅದೇ ಜಾಗ ಅಂದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ನೋಡಿಸಿ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಅದು. ಹಳೆ ಗಾಡಿಗಳಲ್ಲಿ ಅದರೊಳಗಿನ ಪಟ್ಟಿ ನಾವು ಹೆಚ್ಚು ಓಡಿಸುವ ಜಾಗದಲ್ಲೇ ಸವೆಯುತ್ತದೆ. ಕೇಬಲ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದು ಪೆಡಲ್ ನಿಧಾನಕ್ಕೆ ಒತ್ತಿಸಿ. ಸುಮಾರು ಅರ್ಧ ವೋಲ್ಟಿನಿಂದ ನಾಲ್ಕು ನಾಲ್ಕೂವರೆವರೆಗೆ ಒಂದೇ ಸಮ ಏರಬೇಕು. ನಡುವೆ ಜಿಗಿದರೆ ಸೆನ್ಸರ್ ಹೋಗಿದೆ ಅಂತಲೇ. ಆದರೆ ಮೊದಲು ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಖರ್ಚು ಕಮ್ಮಿ.

ಪ್ರಶ್ನೆ: ಸರ್, ನೋಡಿಸಿದೆ. ಎರಡು ಕ್ಯಾಪಿನಲ್ಲಿ ಕಪ್ಪು ಗೆರೆ ಇದೆ, ಗುಳಿಯಲ್ಲಿ ಆಯಿಲ್ ಇಲ್ಲ. ಎರಡೇ ವೈರ್ ಹಾಕಿಸಿದರೆ ಸಾಕಾ?

ಉತ್ತರ: ಬೇಡ, ನಾಲ್ಕೂ ಒಂದೇ ವಯಸ್ಸಿನವು. ಸೆಟ್ ಹಾಕಿಸಿ. ಗೆರೆ ಬಿದ್ದ ಪ್ಲಗ್ ಇದ್ದರೆ, ಹೊಸದಾದರೂ ಸರಿ, ತೆಗೆಸಿಬಿಡಿ. ಆಮೇಲೂ ಟಕ್ ಟಕ್ ಅಂದರೆ ಕಿಡಿಗೆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ನೋಡೋಣ. ಅಲ್ಲಿವರೆಗೆ ಘಾಟ್ ಹತ್ತಿಸಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಅದರ ಬೆಲೆ ಕೇಳಿದರೆ ಪಂಪೇ ವಾಸಿ ಅನ್ನಿಸುತ್ತದೆ.