‘ಚೆನ್ನಾಗಿ ಬೆಂದದ್ದು’ ಎಂದರೆ ಯಾವ ಹದ?

ಪ್ರಶ್ನೆ, ಕಾರವಾರದಿಂದ

ಒಂದು ಮೆನು ಕಾರ್ಡಿಗೆ ಕನ್ನಡ ಬೇಕಾಗಿದೆ. ಮದುವೆಯಾಗಿ 25 ವರ್ಷ ತುಂಬಿದ ದಂಪತಿಗೆ ಮನೆಯವರು ಗೋವೆಯ ದುಬಾರಿ ಸ್ಟೇಕ್ ಹೌಸ್ (ಮಾಂಸದ ದಪ್ಪ ತುಂಡು ಸುಟ್ಟು ಬಡಿಸುವ ಹೋಟೆಲ್) ಒಂದರಲ್ಲಿ ರಾತ್ರಿಯೂಟ ಇಟ್ಟುಕೊಂಡಿದ್ದಾರೆ. ಮಾಜಾಳಿ ದಾಟಿ ಹೋಗುವ ಇಪ್ಪತ್ತು ಮಂದಿಯಲ್ಲಿ ಅರ್ಧಕ್ಕರ್ಧ ಜನರಿಗೆ ಇಂಗ್ಲಿಷ್ ಕಾರ್ಡಿನ ತಲೆಬುಡ ತಿಳಿಯದು. ಶಿರಸಿ ಕಡೆಯ ನೆಂಟರು ಸಸ್ಯಾಹಾರಿಗಳು. ಸದ್ಯದ ಕರಡು ಹೀಗಿದೆ: ತಲೆಬರಹ ‘ವಾರ್ಷಿಕ ಭೋಜನ’. ಮಾಂಸ ಎಷ್ಟು ಬೇಯಬೇಕೆಂದು ಹೇಳುವ ಪದಗಳಲ್ಲಿ ರೇರ್‌ಗೆ ‘ಹಸಿ’, ಮೀಡಿಯಂ ರೇರ್‌ಗೆ ‘ಅರೆಬೆಂದ’, ಮೀಡಿಯಂಗೆ ‘ಮಧ್ಯಮ’, ವೆಲ್ ಡನ್‌ಗೆ ‘ಚೆನ್ನಾಗಿ ಬೆಂದ’. ಗ್ರಿಲ್ಡ್‌ಗೆ ‘ಸುಟ್ಟ’, ಪೆಪ್ಪರ್ ಸಾಸ್‌ಗೆ ‘ಮೆಣಸಿನ ಸಾಸ್’. ಬೆಂದ ಮಾಂಸವನ್ನು ರೆಸ್ಟ್ ಮಾಡಲು ಬಿಡುವುದಕ್ಕೆ ‘ವಿಶ್ರಾಂತಿ’. ಸ್ಟೇಕ್ ಎಂಬುದಕ್ಕೇ ಕನ್ನಡ ಪದ ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲೆಲ್ಲಿ ಎಡವಿದೆ, ಹೇಳಿ.

ಉತ್ತರ, ಶಿರಸಿಯಿಂದ

ಮೊದಲು ತಲೆಬರಹ ತೆಗೆಯಿರಿ. ನಮ್ಮ ಕಡೆ ‘ವರ್ಷಾಂತ’, ‘ವಾರ್ಷಿಕ’ ಎಂದು ಊಟಕ್ಕೆ ಕರೆದರೆ ಜನ ಕೇಳುವುದು ‘ಯಾರದ್ದು?’ ಎಂದು. ಶ್ರಾದ್ಧದ ವಡೆ, ಸುಟ್ಟೇವು ಕಣ್ಣಮುಂದೆ ಬರುತ್ತವೆಯೇ ಹೊರತು ಬೆಳ್ಳಿಹಬ್ಬದ ದಂಪತಿ ಬರುವುದಿಲ್ಲ. ‘ಮದುವೆಯ ಬೆಳ್ಳಿಹಬ್ಬದ ಊಟ’ ಎಂದರೆ ಸಾಕು, ಸ್ಪಷ್ಟ. ‘ವಿವಾಹ ವಾರ್ಷಿಕೋತ್ಸವ’ ತಪ್ಪಲ್ಲ, ಬ್ಯಾನರಿನ ಭಾಷೆ ಅಷ್ಟೆ. ಯಾರಾದರೂ ‘ಷಷ್ಟ್ಯಬ್ದಿ’ ಎಂದು ಸೇರಿಸಲು ಬಂದರೆ ತಡೆಯಿರಿ, ಅದು ವಯಸ್ಸಿನ ಅರವತ್ತಕ್ಕೆ ಸಂಬಂಧಿಸಿದ್ದು.

ಇನ್ನು ನಿಮ್ಮ ಬೇಯಿಸುವ ಪದಗಳು. ಕರಡಿನ ದೊಡ್ಡ ದೋಷ ‘ಚೆನ್ನಾಗಿ ಬೆಂದ’. ಇಂಗ್ಲಿಷಿನ ‘ವೆಲ್’ ಇಲ್ಲಿ ಪ್ರಮಾಣ ಹೇಳುತ್ತದೆ, ಗುಣವನ್ನಲ್ಲ: ಪೂರ್ತಿ, ಒಳಗಿನವರೆಗೆ ಎಂದು. ಕನ್ನಡದ ‘ಚೆನ್ನಾಗಿ’ ಪ್ರಮಾಣಕ್ಕಿಂತ ಮೊದಲು ಗುಣವನ್ನೇ ಹೇಳುತ್ತದೆ. ಒಂದು ಕಡೆ ‘ಅರೆಬೆಂದ’, ಇನ್ನೊಂದು ಕಡೆ ‘ಚೆನ್ನಾಗಿ ಬೆಂದ’ ಎಂದು ಬರೆದು ಆರಿಸಿಕೊಳ್ಳಿ ಎಂದರೆ ಯಾರು ತಾನೇ ಅರೆಬೆಂದದ್ದನ್ನು ಕೇಳುತ್ತಾರೆ? ‘ಅರೆಬೆಂದ’ ನಮ್ಮಲ್ಲಿ ಬೈಗುಳ. ಅರೆಬೆಂದ ಅನ್ನ, ಅರೆಬೆಂದ ಮಾತು. ಹತ್ತಕ್ಕೆ ಹತ್ತೂ ಜನ ‘ಚೆನ್ನಾಗಿ’ ಎನ್ನುತ್ತಾರೆ, ಹತ್ತು ತಟ್ಟೆಯಲ್ಲೂ ಚರ್ಮದಂಥ ಮಾಂಸ ಬರುತ್ತದೆ.

ಬೇಯುವುದನ್ನು ಅಳೆಯಲು ಕನ್ನಡದಲ್ಲಿ ಪದವಿಲ್ಲ ಎನ್ನುವಂತಿಲ್ಲ. ಆಲೆಮನೆಗೆ ಹೋಗಿ ನೋಡಿ. ಅದೇ ಕಬ್ಬಿನ ಹಾಲು, ಅದೇ ಕೊಪ್ಪರಿಗೆ. ಬೇಗ ಇಳಿಸಿದರೆ ಜೋನಿಬೆಲ್ಲ, ಇನ್ನಷ್ಟು ಕಾಯಿಸಿ ಇಳಿಸಿದರೆ ಅಚ್ಚಿನ ಬೆಲ್ಲ. ಜೋನಿಬೆಲ್ಲವನ್ನು ಯಾರೂ ‘ಅರೆಬೆಂದ ಬೆಲ್ಲ’ ಎನ್ನುವುದಿಲ್ಲ, ಅದು ಅದರದೇ ಹದ. ಮನೆಯ ಪಾಕದಲ್ಲೂ ಎಳೆಪಾಕ, ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆಪಾಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇವೆ. ಒಂದೂ ಇನ್ನೊಂದಕ್ಕಿಂತ ಕಡಿಮೆಯದಲ್ಲ, ಯಾವ ತಿಂಡಿಗೆ ಯಾವುದು ಎಂಬುದಷ್ಟೇ ಪ್ರಶ್ನೆ. ಸ್ಟೇಕಿನವರು ಕೇಳುವುದೂ ಅದನ್ನೇ.

ಆದ್ದರಿಂದ ‘ಹದ’ವನ್ನೇ ಹಿಡಿಯಿರಿ. ಇದು ‘ಪದ’ ಎಂಬ ಹಳೆಯ ರೂಪದಿಂದ ಬಂದದ್ದು, ಪಕಾರ ಹಕಾರವಾದ ನೂರಾರು ಮಾತುಗಳಲ್ಲಿ ಒಂದು. ತಮಿಳಿನ ಅಡುಗೆಮನೆಯಲ್ಲಿ ಇಂದಿಗೂ ‘ಪದಂ’, ತೆಲುಗಿನಲ್ಲಿ ‘ಪದನು’. (ಶಬ್ದ ಎಂಬ ಅರ್ಥದ ‘ಪದ’ ಸಂಸ್ಕೃತದ್ದು, ಬೇರೆ.) ರೇರ್‌ನಿಂದ ವೆಲ್ ಡನ್‌ವರೆಗೆ ಕ್ರಮವಾಗಿ ನನ್ನ ಸಲಹೆ: ಹಸಿಹದ, ಎಳೆಹದ, ನಡುಹದ, ಬಲಿತ ಹದ (ನಿಮ್ಮ ಕರಡಿನಲ್ಲಿ ಬಿಟ್ಟುಹೋದ ಮೀಡಿಯಂ ವೆಲ್), ಪೂರ್ತಿ ಬೆಂದದ್ದು. ಕೊನೆಯದಕ್ಕೆ ಹದ ಸೇರಿಸಿಲ್ಲ ಎಂಬುದನ್ನು ಮಾಂಸ ತಿನ್ನುವವರು ಗಮನಿಸಿ ನಗಬಹುದು.

ಉತ್ತರ, ಸದಾಶಿವಗಡದಿಂದ

ನಕ್ಕಾಯಿತು. ಹೋಟೆಲ್ ಅಡುಗೆಮನೆಯ ಕಡೆಯಿಂದ ಕೆಲವು ಮಾತು.

ಹದದ ಹೆಸರಿನ ಜೊತೆ ಕಣ್ಣಿಗೆ ಕಾಣುವುದನ್ನೂ ಬರೆಯಿರಿ, ಬರೀ ಹೆಸರು ಸಾಲದು. ಮಾಂಸದ ನಟ್ಟನಡುವೆ ಥರ್ಮಾಮೀಟರಿನ ಮೊನೆ ಇಟ್ಟರೆ ಹಸಿಹದ ಸುಮಾರು 50 ಡಿಗ್ರಿ ಸೆಲ್ಸಿಯಸ್: ನಡು ಕೆಂಪು. ಎಳೆಹದ 54ರಿಂದ 57: ನಡು ಬೆಚ್ಚಗೆ, ಗುಲಾಬಿಗೆ ತಿರುಗಿದ ಕೆಂಪು. ನಡುಹದ 60ರ ಆಸುಪಾಸು, ತಿಳಿ ಗುಲಾಬಿ. ಬಲಿತ ಹದ 65ರಿಂದ 68, ಗುಲಾಬಿಯ ಒಂದು ಗೆರೆ ಮಾತ್ರ. 71 ದಾಟಿದರೆ ಪೂರ್ತಿ ಬೆಂದದ್ದು, ಉದ್ದಕ್ಕೂ ಕಂದು. ಮಾಂಸಕ್ಕೆ ಬಣ್ಣ ಕೊಡುವ ಮಯೋಗ್ಲೋಬಿನ್ 60 ಡಿಗ್ರಿ ದಾಟುತ್ತ ಕೆಡುವುದರಿಂದ ಕೆಂಪು ಹೋಗುತ್ತದೆ. ಸರಿಸುಮಾರು ಅದೇ ಬಿಸಿಗೆ ನಾರಿನ ಸುತ್ತಲಿನ ಕೊಲಾಜೆನ್ ಮುದುಡಿ ರಸವನ್ನು ಬಟ್ಟೆ ಹಿಂಡಿದಂತೆ ಹಿಂಡುತ್ತದೆ. ಆದ್ದರಿಂದ ಬಣ್ಣ ಹೋಯಿತೆಂದರೆ ರಸವೂ ಹೊರಟಿತೆಂದೇ ಲೆಕ್ಕ.

ತಟ್ಟೆಗೆ ಇಳಿಯುವ ಕೆಂಪು ನೀರನ್ನು ದಯವಿಟ್ಟು ‘ರಕ್ತ’ ಎಂದು ಬರೆಯಬೇಡಿ. ರಕ್ತ ಕಡಿಯುವಾಗಲೇ ಹೋಗಿರುತ್ತದೆ. ಇದು ನೀರು ಮತ್ತು ಮಯೋಗ್ಲೋಬಿನ್. ಫ್ರೆಂಚರು ಹಸಿಹದವನ್ನು ‘ಸೆನ್ಯಾಂ’, ಅಂದರೆ ರಕ್ತ ಸುರಿಯುವ, ಎಂದೇ ಕರೆಯುತ್ತಾರೆ. ಆ ಧೈರ್ಯ ಕಾರವಾರದವರ ಊಟದ ಮೇಜಿನಲ್ಲಿ ಬೇಡ. ‘ರಸ’ ಎನ್ನಿ.

‘ಬೀಫ್’ ಎಂದಷ್ಟೇ ಬರೆಯುವುದೂ ಸಾಲದು. ನಮ್ಮ ದೇಶದ ಕಾರ್ಡುಗಳಲ್ಲಿ ಆ ಪದದ ಹಿಂದೆ ಬಹುಪಾಲು ಎಮ್ಮೆ ಕೋಣಗಳೇ ಇರುತ್ತವೆ. ಕರ್ನಾಟಕದ 2020ರ ಕಾಯ್ದೆಯಂತೆ ಇಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ. ಗೋವೆಯ ನಿಯಮ ಬೇರೆ. ಯಾವ ಪ್ರಾಣಿ ಎಂದು ಹೋಟೆಲಿನವರನ್ನೇ ಕೇಳಿ ಕನ್ನಡದಲ್ಲಿ ನೇರವಾಗಿ ಬರೆಯಿರಿ. ತಿನ್ನುವ, ತಿನ್ನದಿರುವ ಇಬ್ಬರಿಗೂ ಅದು ಬೇಕು. ರುಚಿಗೂ ಇದು ಮುಖ್ಯ. ಎಮ್ಮೆಯ ಮಾಂಸದಲ್ಲಿ ಕೊಬ್ಬಿನ ಗೆರೆ ಕಡಿಮೆ, ಬಣ್ಣ ಗಾಢ. ಎಳೆಹದದಲ್ಲೂ ಅದು ದನದ ಮಾಂಸಕ್ಕಿಂತ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಬಣ್ಣವೊಂದನ್ನೇ ನಂಬಬಾರದು. ನಡುಹದ ದಾಟಿದರೆ ಒಣಗಿ ನಾರಾಗುತ್ತದೆ. ಸ್ಟೇಕಿಗೆ ಹೊಂದುವುದು ಬೆನ್ನುಮೂಳೆಯ ಅಡಿಯ ಸ್ನಾಯು. ಅಂಗಡಿಯವರು ಅದನ್ನು ‘ಅಂಡರ್‌ಕಟ್’ ಎನ್ನುತ್ತಾರೆ, ಇಂಗ್ಲಿಷ್ ಕಾರ್ಡಿನಲ್ಲಿ ‘ಟೆಂಡರ್‌ಲಾಯಿನ್’. ಪ್ರಾಣಿ ಎಷ್ಟು ನಡೆದರೂ ಈ ಸ್ನಾಯುವಿಗೆ ದುಡಿಮೆ ಕಡಿಮೆ, ಅದಕ್ಕೇ ಮೆತ್ತಗೆ. ಕನ್ನಡದಲ್ಲಿ ‘ಬೆನ್ನಡಿಯ ಮೆದುಮಾಂಸ’ ಎನ್ನಬಹುದು, ಆದರೆ ಆವರಣದಲ್ಲಿ ಅಂಡರ್‌ಕಟ್ ಇರಲಿ. ‘ಸರ್‌ಲಾಯಿನ್’ಗೆ ರಾಜನೊಬ್ಬ ಸರ್ ಪದವಿ ಕೊಟ್ಟ ಎಂಬುದು ಕಟ್ಟುಕತೆ. ಆ ‘ಸರ್’ ಫ್ರೆಂಚಿನ ‘ಮೇಲೆ’: ಸೊಂಟದ ಮೇಲಿನ ಭಾಗ.

‘ವಿಶ್ರಾಂತಿ’ ನಗೆ ತರಿಸುತ್ತದೆ, ‘ಆರಲು ಬಿಡಿ’ ಎಂದರೆ ತಣ್ಣಗಾಗಲಿ ಎಂದಾಗುತ್ತದೆ. ಇಲ್ಲಿ ನಡೆಯುವುದು ಬೇರೆ. ಕಾವಲಿಯಿಂದ ಇಳಿಸಿದ ಮೇಲೂ ಹೊರಗಿನ ಬಿಸಿ ಒಳಗೆ ಹೋಗುತ್ತಿರುತ್ತದೆ, ನಡುವಿನ ಬಿಸಿ 3ರಿಂದ 5 ಡಿಗ್ರಿ ಏರುತ್ತದೆ. ಅದಕ್ಕೆ ಎಳೆಹದ ಬೇಕಾದವರಿಗೆ 52ರಲ್ಲೇ ಇಳಿಸಬೇಕು. ಐದರಿಂದ ಹತ್ತು ನಿಮಿಷ ಬಿಟ್ಟರೆ ರಸ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ. ತಕ್ಷಣ ಕೊಯ್ದರೆ ತಟ್ಟೆಯಲ್ಲಿ ಕೆರೆ.

ಇದಕ್ಕೆ ನಮ್ಮ ಅನ್ನದ ಮಾತೇ ಸರಿ: ಇಂಗಲು ಬಿಡಿ. ಉರಿ ಆರಿಸಿದ ಅನ್ನ ಮುಚ್ಚಳದಡಿ ಇಂಗುತ್ತದಲ್ಲ, ಹಾಗೆ.

‘ಸುಟ್ಟ’ ಎಂಬುದನ್ನು ಒಂಟಿಯಾಗಿ ಬಿಡಬೇಡಿ. ಸುಟ್ಟ ಬದನೆಕಾಯಿ, ಸುಟ್ಟ ಗೇರುಬೀಜ ಸರಿ, ಆದರೆ ‘ಸುಟ್ಟ ಮಾಂಸ’ ಎಂದರೆ ಸೀದದ್ದೋ ಎಂಬ ಅನುಮಾನ. ‘ಕೆಂಡದ ಮೇಲೆ ಸುಟ್ಟ’ ಎಂದರೆ ಅನುಮಾನ ಹೋಗುತ್ತದೆ. ಕಾವಲಿಯದಾದರೆ ‘ಕಾವಲಿಯಲ್ಲಿ ಕೆಂಪಗೆ ಹುರಿದ’. ಆ ಕೆಂಪು ಬರಬೇಕಾದರೆ ಮೇಲ್ಮೈ 140 ಡಿಗ್ರಿ ದಾಟಬೇಕು. ಮಾಂಸ ಒದ್ದೆಯಿದ್ದರೆ ನೀರು ಹೋಗುವವರೆಗೆ 100ರಲ್ಲೇ ನಿಂತು ಹಬೆಯಲ್ಲಿ ಬೇಯುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ. ಬಟ್ಟೆಯಲ್ಲಿ ಒತ್ತಿ ಒಣಗಿಸುವುದು, ಕಾವಲಿಯಲ್ಲಿ ತುಂಡುಗಳನ್ನು ಒತ್ತೊತ್ತಾಗಿ ಇಡದಿರುವುದು ಅದಕ್ಕಾಗಿಯೇ. ಉಪ್ಪು ಹಚ್ಚಿದರೆ 40 ನಿಮಿಷ ಮುಂಚೆ, ಇಲ್ಲವೇ ಕಾವಲಿಗೆ ಹಾಕುವ ಕ್ಷಣದಲ್ಲಿ. ನಡುವೆ ಹಚ್ಚಿದರೆ ಉಪ್ಪು ಎಳೆದ ನೀರು ಮೇಲೇ ನಿಂತಿರುತ್ತದೆ. ದಪ್ಪ ಎರಡೂವರೆ ಸೆಂಟಿಮೀಟರಿಗೆ ಕಡಿಮೆಯಾದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದು ಮುಗಿದಿರುತ್ತದೆ, ಅಂಥದ್ದಕ್ಕೆ ಐದು ಹದ ಬರೆಯುವುದೇ ಸುಳ್ಳು.

ಒಂದು ಎಚ್ಚರಿಕೆ ಕಾರ್ಡಿನಲ್ಲೇ ಇರಲಿ: ಕೊಚ್ಚಿದ ಮಾಂಸದ ಸ್ಟೇಕ್ ಇದ್ದರೆ ಅದಕ್ಕೆ ಹದದ ಆಯ್ಕೆ ಇಲ್ಲ, 71 ಡಿಗ್ರಿ ಕಡ್ಡಾಯ. ಇಡೀ ತುಂಡಿನಲ್ಲಿ ಕ್ರಿಮಿ ಇರುವುದು ಹೆಚ್ಚಾಗಿ ಮೇಲ್ಮೈಯಲ್ಲಿ, ಬಿಸಿ ಕಾವಲಿ ಅದನ್ನು ಕೊಲ್ಲುತ್ತದೆ. ಕೊಚ್ಚಿದಾಗ ಹೊರಗಿನದು ಒಳಗೆ ಸೇರುತ್ತದೆ. ಬಸುರಿಯರಿಗೆ, ತೀರ ವಯಸ್ಸಾದವರಿಗೆ ಯಾವ ಮಾಂಸವಾದರೂ ಪೂರ್ತಿ ಬೆಂದದ್ದೇ ಇರಲಿ.

ಮರುಪ್ರಶ್ನೆ, ಕುಮಟೆಯಿಂದ

‘ಎಳೆಹದ’ ನನಗೆ ಒಪ್ಪಿಗೆಯಿಲ್ಲ. ‘ಎಳೆ ಮಾಂಸ’ ಎಂದರೆ ಎಳೆಯ ಪ್ರಾಣಿಯದು. ಮೇಲಾಗಿ ‘ಎಳೆ’ ಎಂದರೆ ನಾರು ಕೂಡ. ‘ಎಳೆಗೆ ಅಡ್ಡವಾಗಿ ಕೊಯ್ಯಿರಿ’ ಎಂದು ಅದೇ ಕಾರ್ಡಿನಲ್ಲಿ ಬರೆಯಬೇಕಾಗುತ್ತದೆ. ಮೂರು ಅರ್ಥ ಒಂದೇ ತಟ್ಟೆಯಲ್ಲಿ. ಇನ್ನೊಂದು, ಮೀನಿಗೆ ಏನು? ಇಸ್ವಣದ ಸ್ಟೇಕ್ ಇಲ್ಲದೆ ಈ ಕಡೆಯವರ ಊಟ ಆಗುತ್ತದೆಯೇ? ಅದಕ್ಕೂ ಹಸಿಹದ, ನಡುಹದ ಎನ್ನುತ್ತೀರಾ?

ಉತ್ತರ, ಶಿರಸಿಯಿಂದ

‘ಎಳೆ’ಯ ಆಕ್ಷೇಪ ನ್ಯಾಯವಾದದ್ದೇ. ಆದರೆ ಎಳೆಬಿಸಿಲಿನಲ್ಲಿ ಯಾರೂ ನಾರು ಹುಡುಕುವುದಿಲ್ಲ, ಮುಂದಿನ ಪದ ಅರ್ಥವನ್ನು ಕಟ್ಟಿಹಾಕುತ್ತದೆ. ‘ಹದ’ ಅಂಟಿಕೊಂಡೇ ಇದ್ದರೆ ತೊಂದರೆಯಿಲ್ಲ, ಬಿಡಿಸಿ ‘ಎಳೆ’ ಎಂದಷ್ಟೇ ಅಚ್ಚು ಮಾಡಿದರೆ ನೀವು ಹೇಳಿದ ಗೊಂದಲ ಬಂದೇ ಬರುತ್ತದೆ. ಕೊಯ್ಯುವ ಸೂಚನೆಯಲ್ಲಿ ‘ನಾರಿಗೆ ಅಡ್ಡವಾಗಿ’ ಎಂದು ಬದಲಿಸಿದರಾಯಿತು.

ಸ್ಟೇಕ್ ಎಂಬುದಕ್ಕೆ ಕನ್ನಡ ಬೇಡ. ‘ಖಂಡ’ ಒಳ್ಳೆಯ ಪದ, ಆದರೆ ಅದನ್ನು ಕೇಳಿದೊಡನೆ ಪ್ರತಿ ಕನ್ನಡಿಗರ ಕಿವಿಯಲ್ಲಿ ಯಾವ ಹಾಡು ಮೊಳಗುತ್ತದೆಂದು ಹೇಳಬೇಕಾಗಿಲ್ಲ. ಬೆಳ್ಳಿಹಬ್ಬದ ರಾತ್ರಿ ಹುಲಿಯೂ ಕಣ್ಣೊರೆಸಿಕೊಳ್ಳಬೇಕಾದೀತು. ‘ಅಡಗು’ ಹಳಗನ್ನಡದಲ್ಲೇ ಅಡಗಿದೆ. ‘ಬಾಡು’ ಎಂದರೆ ಹಳೆ ಮೈಸೂರಿನ ಸಾರು ಕುದಿಯುತ್ತದೆ. ಇಂಗ್ಲಿಷಿನಲ್ಲೂ ಈ ಪದ ಎರವಲೇ: ಹಳೆಯ ನಾರ್ಸ್‌ನ ‘ಸ್ಟೇಯ್ಕ್’, ಕೋಲಿಗೆ ಚುಚ್ಚಿ ಸುಟ್ಟದ್ದು ಎಂಬ ಅರ್ಥದಲ್ಲಿ. ಸುಡುವ ಬಗೆ ಹೇಳುತ್ತಿದ್ದ ಪದ ಈಗ ಕೊಯ್ಯುವ ಬಗೆ ಹೇಳುತ್ತಿದೆ. ಬರೆಯುವಾಗ ‘ಸ್ಟೀಕ್’ ಅಲ್ಲ, ‘ಸ್ಟೇಕ್’.

ನಮ್ಮವರ ತಟ್ಟೆಗೆ ಹೂಕೋಸಿನ ಸ್ಟೇಕ್ ಬರುತ್ತದೆಂದು ಊಹಿಸುತ್ತೇನೆ. ದಂಟಿನ ಸಮೇತ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಸೀಳಿದರೆ ಮಾತ್ರ ಅದು ನಿಲ್ಲುತ್ತದೆ, ಒಂದು ಹೂವಿನಲ್ಲಿ ಸಿಗುವುದು ಎರಡು ಅಥವಾ ಮೂರು, ಉಳಿದದ್ದು ಉದುರು. ಅದನ್ನು ‘ಹೂಕೋಸಿನ ದಪ್ಪ ಹೋಳು’ ಎಂದೇ ಬರೆಯಿರಿ. ಮಾಂಸದ ಹೆಸರು ಕಂಡು ತಟ್ಟೆ ದೂಡುವವರಿದ್ದಾರೆ. ಹೋಟೆಲಿನವರು ಒಪ್ಪಿದರೆ ಸುವರ್ಣಗಡ್ಡೆ ಇನ್ನೂ ವಾಸಿ. ಹುಣಸೆ ನೀರಿನಲ್ಲಿ ಮೊದಲು ಬೇಯಿಸಿಕೊಳ್ಳದಿದ್ದರೆ ಗಂಟಲು ತುರಿಸುತ್ತದೆ ಎಂದು ಮಾತ್ರ ಅವರಿಗೆ ಹೇಳಿಡಿ.

‘ಮೆಣಸಿನ ಸಾಸ್’ ಕೂಡ ಬೇಡ. ಅರ್ಧ ಜನ ಒಣಮೆಣಸು ಎಂದುಕೊಳ್ಳುತ್ತಾರೆ. ‘ಕಾಳುಮೆಣಸಿನ ಸಾಸ್’. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದದ್ದೂ ಈ ಕಾಳಿನ ಕಾರಣಕ್ಕೆ. ಹಸಿರು ಕಾಳಿನ ಸಾಸ್ ಇದ್ದರೆ ಇನ್ನೂ ಜೋಕೆ: ‘ಹಸಿಮೆಣಸು’ ಎಂದರೆ ಹಸಿಮೆಣಸಿನಕಾಯಿಯೇ. ‘ಹಸಿರು ಕಾಳುಮೆಣಸು’ ಎಂದು ಪೂರ್ತಿ ಬರೆಯಿರಿ.

ಉತ್ತರ, ಸದಾಶಿವಗಡದಿಂದ

ಮೀನಿಗೆ ಐದು ಹದ ಬೇಡ, ಒಂದೇ ಸಾಕು.

ಮೊದಲು ಕೊಯ್ತ. ಬೆನ್ನುಮೂಳೆಗೆ ಅಡ್ಡವಾಗಿ ಕತ್ತರಿಸಿ, ನಡುವೆ ಮೂಳೆಯ ಬಿಲ್ಲೆ ಉಳಿದರೆ ಅದು ಸ್ಟೇಕ್. ಮೂಳೆಯ ಉದ್ದಕ್ಕೆ ಚೂರಿ ಎಳೆದು ಪಕ್ಕೆಯನ್ನೇ ಬಿಡಿಸಿದರೆ ಫಿಲೆ. ಅಂದರೆ ಕಾರವಾರದ ಮಾರುಕಟ್ಟೆಯಲ್ಲಿ ಇಸ್ವಣವನ್ನು ದಿನವೂ ಕತ್ತರಿಸಿ ಕೊಡುವುದೆಲ್ಲ ಸ್ಟೇಕೇ. ಕೊಂಕಣಿಯಲ್ಲಿ ‘ಕುಡ್ಕೆ’, ಕನ್ನಡದಲ್ಲಿ ‘ತುಂಡು’. ರವಾ ಫ್ರೈಗೆ ಒಂದು, ಒಂದೂವರೆ ಸೆಂಟಿಮೀಟರ್ ದಪ್ಪ, ಸ್ಟೇಕ್ ಹೌಸಿನದು ಅದರ ಇಮ್ಮಡಿ. ಕಾರ್ಡಿನಲ್ಲಿ ‘ಇಸ್ವಣದ ದಪ್ಪ ತುಂಡು, ಮೂಳೆ ಸಹಿತ’ ಎಂದರೆ ಅಜ್ಜಿಯರಿಗೂ ತಿಳಿಯುತ್ತದೆ. ‘ಸುರಮಯಿ’, ‘ಅಂಜಲ್’ ಎಂದೂ ಅದೇ ಮೀನಿಗೆ ಹೆಸರಿದೆ, ಒಂದನ್ನೇ ಇಟ್ಟುಕೊಳ್ಳಿ.

ಹದ ನೋಡುವ ಬಗೆ: ತುಂಡಿನ ನಡುವಿನ ಮೂಳೆಯ ಪಕ್ಕ ಚೂರಿಯ ತುದಿ ಇಟ್ಟು ಸ್ವಲ್ಪ ತಿರುಗಿಸಿ. ಮಾಂಸ ಮೂಳೆಗೆ ಅಂಟಿ ಗಾಜಿನಂತೆ ಹೊಳೆಯುತ್ತಿದ್ದರೆ ಇನ್ನೂ ಹಸಿ. ಹೊಳಪು ಹೋಗಿ, ಮೂಳೆಯಿಂದ ತಾನಾಗಿ ಬಿಟ್ಟು, ಪದರ ಪದರವಾಗಿ ಜಾರಿದರೆ ಆಯಿತು. 63 ಡಿಗ್ರಿ ಸಾಕು. ಅದನ್ನು ಬಹಳ ದಾಟಿದರೆ ಇಸ್ವಣ ಹತ್ತಿಯಂತಾಗುತ್ತದೆ, ಬಂಗಡೆಯಷ್ಟು ಎಣ್ಣೆ ಅದರಲ್ಲಿಲ್ಲ. ಕಾರ್ಡಿಗೆ ‘ಮುಳ್ಳು ಬಿಡುವ ಹದ’ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರಿಂದ, ಕಾರವಾರ

ಅಚ್ಚಿಗೆ ಹೋಗುತ್ತಿರುವುದು ಹೀಗೆ:

ಮದುವೆಯ ಬೆಳ್ಳಿಹಬ್ಬದ ಊಟ. ಎಮ್ಮೆ ಮಾಂಸದ ಸ್ಟೇಕ್ (ಅಂಡರ್‌ಕಟ್), ಕೆಂಡದ ಮೇಲೆ ಸುಟ್ಟು, ರಸ ಇಂಗಲು ಬಿಟ್ಟದ್ದು, ಕಾಳುಮೆಣಸಿನ ಸಾಸ್ ಜೊತೆ. ನಿಮ್ಮ ಹದ ಹೇಳಿ: ಹಸಿಹದ, ನಡು ಕೆಂಪು; ಎಳೆಹದ, ನಡು ಬೆಚ್ಚಗೆ, ರಸಭರಿತ; ನಡುಹದ, ತಿಳಿ ಗುಲಾಬಿ; ಬಲಿತ ಹದ, ಗುಲಾಬಿಯ ಗೆರೆ; ಪೂರ್ತಿ ಬೆಂದದ್ದು, ಕಂದು, ಗಟ್ಟಿ. ಇಸ್ವಣದ ದಪ್ಪ ತುಂಡು, ಮೂಳೆ ಸಹಿತ, ಮುಳ್ಳು ಬಿಡುವ ಹದ. ಹೂಕೋಸಿನ ದಪ್ಪ ಹೋಳು, ಬೇರೆ ಕಾವಲಿಯಲ್ಲಿ.

ಆ ಕೊನೆಯ ಎರಡು ಪದಗಳನ್ನು ಹೋಟೆಲಿನವರು ಒಪ್ಪಿದ ಮೇಲೆಯೇ ಸೇರಿಸಿದ್ದು.