ಪದಚರ್ಚೆ: ರೆಸಿಸ್ಟೆನ್ಸ್, ಪವರ್ – ಗೋಡೆ ಚಾರ್ಟಿಗೆ ಯಾವ ಪದ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.

ವೈರಿಂಗ್ ಕಲಿಯುವ ಹುಡುಗರಿಗೆ ಒಂದು ಗೋಡೆ ಚಾರ್ಟ್ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಮೀಟರಿನಲ್ಲಿ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡು ಉಳಿದ ಎರಡನ್ನು ಲೆಕ್ಕ ಹಾಕುವುದು ಹೇಗೆ ಅಂತ ತೋರಿಸುವ ಚಾರ್ಟ್. ನಾನು ಹಾಕಿರುವ ಉದಾಹರಣೆ: ಒಂದು ಉಪಕರಣಕ್ಕೆ 230 ವೋಲ್ಟ್, ಅದು ಎಳೆಯುವುದು 5 ಆಂಪಿಯರ್. ಭಾಗಿಸಿದರೆ ರೆಸಿಸ್ಟೆನ್ಸ್ 46 ಓಮ್, ಗುಣಿಸಿದರೆ ಪವರ್ 1150 ವಾಟ್. ಲೆಕ್ಕ ಸುಲಭ. ಸಿಕ್ಕಿಹಾಕಿಕೊಂಡಿರುವುದು ತಲೆಬರಹಗಳಲ್ಲಿ. ರೆಸಿಸ್ಟೆನ್ಸ್‌ಗೆ ರೋಧ, ಪ್ರತಿರೋಧ, ತಡೆ ಮೂರೂ ಕಣ್ಣಿಗೆ ಬಿದ್ದಿವೆ. ಪವರ್‌ಗೆ ಶಕ್ತಿ, ಸಾಮರ್ಥ್ಯ, ಕಸುವು. ಒಂದು ಚೌಕಕ್ಕೆ ಒಂದೇ ಪದ ಹಿಡಿಸುತ್ತದೆ. ಯಾವುದನ್ನು ಹಾಕಲಿ?

ಉತ್ತರ 1

ರೋಧ. ಸಾಮರ್ಥ್ಯ. ಹತ್ತನೇ ತರಗತಿ ವಿಜ್ಞಾನದ ಪುಸ್ತಕದಲ್ಲಿ ಇರುವುದೇ ಅದು. ವೋಲ್ಟೇಜ್‌ಗೆ ವಿಭವಾಂತರ, ಕರೆಂಟ್‌ಗೆ ವಿದ್ಯುತ್ ಪ್ರವಾಹ. ಚರ್ಚೆಗೆ ಏನೂ ಉಳಿದಿಲ್ಲ.

ಉತ್ತರ 2

ಉಳಿದಿದೆ ಸ್ವಾಮಿ, ಬೇಕಾದಷ್ಟು ಉಳಿದಿದೆ. ರೋಧ ಯಾರ ಬಾಯಲ್ಲಿದೆ? ಹುಡುಗ ಮಹಾಪ್ರಾಣ ಬಿಟ್ಟು ಬರೆದರೆ ತಂತಿ ರೋದಿಸತೊಡಗುತ್ತದೆ! 'ತಡೆ' ನಮ್ಮದೇ ಬೇರಿನ ಪದ. ಹೆಸರೂ ಅದೇ, ಕೆಲಸದ ಪದವೂ ಅದೇ: ತಂತಿ ಹರಿವನ್ನು ತಡೆಯುತ್ತದೆ, ಅದರ ತಡೆ ಇಷ್ಟು. ತಮಿಳರು ತಡೈ ಅಂತಾರೆ, ಅದಕ್ಕೆ 'ಮಿನ್' ಸೇರಿಸಿ ಮಿನ್‌ತಡೈ ಮಾಡಿಕೊಂಡಿದ್ದಾರೆ. ಆ ಮಿನ್ ನಮ್ಮ ಮಿಂಚು, ಮಿನುಗುಗಳ ಬಳಗದ್ದೇ. ಹಾಗಾಗಿ ಮಿಂತಡೆ ಅನ್ನಿ. ಪವರ್‌ಗೆ ಕಸುವು, ಕರೆಂಟ್‌ಗೆ ಹರಿವು, ವೋಲ್ಟೇಜ್‌ಗೆ ಒತ್ತಡ. ನಾಲ್ಕೂ ಅಚ್ಚಗನ್ನಡ.

ಉತ್ತರ 3

ತಮಿಳು ಪತ್ರಿಕೆಯಲ್ಲಿ 'ನಾಳೆ ಮಿನ್‌ತಡೈ' ಅಂತ ಬಂದರೆ ಯಾರೂ ಓಮ್ ಲೆಕ್ಕ ಹಾಕಲು ಕೂರುವುದಿಲ್ಲ. ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳುತ್ತಾರೆ. ಅಲ್ಲಿ ಪಾಠದ ಪದವೂ ಅದೇ, ಕರೆಂಟು ಹೋಗುವುದಕ್ಕೂ ಅದೇ. ಆ ಗೊಂದಲವನ್ನು ಇಲ್ಲಿಗೆ ಸಾಲ ತರುವ ಅಗತ್ಯವೇನು?

ಪದ ಆರಿಸುವಾಗ ಬೇರು ನೋಡುವುದಲ್ಲ, ಪಕ್ಕದ ಪದಕ್ಕೆ ಡಿಕ್ಕಿ ಹೊಡೆಯುತ್ತದೋ ಇಲ್ಲವೋ ನೋಡಬೇಕು. ಶಕ್ತಿ ಖಂಡಿತ ಬೇಡ. ಶಕ್ತಿ ಅಂದರೆ ಎನರ್ಜಿ, ಅಳೆಯುವುದು ಜೌಲ್‌ನಲ್ಲಿ ಅಥವಾ ಬಿಲ್ಲಿನ ಯೂನಿಟ್‌ನಲ್ಲಿ. ಪವರ್ ಅಂದರೆ ಅದು ಖರ್ಚಾಗುವ ವೇಗ, ಅಂದರೆ ವಾಟ್. ನಿಮ್ಮ 1150 ವಾಟ್ ಒಂದು ಗಂಟೆ ಓಡಿದರೆ 1.15 ಯೂನಿಟ್. ಎರಡಕ್ಕೂ ಒಂದೇ ಪದ ಹಾಕಿದರೆ ಹುಡುಗರು ವಾಟನ್ನೇ ಯೂನಿಟ್ ಅಂದುಕೊಳ್ಳುತ್ತಾರೆ. ಸಾಮರ್ಥ್ಯಕ್ಕೂ ಡಿಕ್ಕಿ ಇದೆ. ಬ್ಯಾಟರಿಯ ಸಾಮರ್ಥ್ಯ ಅಂದರೆ ಆಂಪಿಯರ್-ಅವರ್, ವಾಟ್ ಅಲ್ಲ.

ಇನ್ನೊಂದನ್ನು ಯಾರೂ ಕೇಳಲಿಲ್ಲ. ಆ ಉಪಕರಣ ಯಾವುದು? ಹೀಟರ್ ಆದರೆ ಲೆಕ್ಕ ಸರಿ. ಮೋಟರ್ ಆದರೆ 230 ಭಾಗಿಸು 5 ಅಂದರೆ ಸಿಗುವುದು ಇಂಪೀಡೆನ್ಸ್ (ಎಸಿ ಹರಿವಿಗೆ ಎದುರಾಗುವ ಒಟ್ಟು ಅಡ್ಡಿ, ರೆಸಿಸ್ಟೆನ್ಸ್ ಅದರ ಒಂದು ಭಾಗ), ಬರೀ ರೆಸಿಸ್ಟೆನ್ಸ್ ಅಲ್ಲ. ಗುಣಿಸಿದರೆ ಬರುವುದು 1150 ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾದ ಪವರ್ ಆಗುವ ಪಾಲು, 0.8 ಇದ್ದರೆ ನಿಜವಾದ ಪವರ್ 920 ವಾಟ್ ಅಷ್ಟೇ. ಈಗ ಹೇಳಿ, ರೆಸಿಸ್ಟೆನ್ಸನ್ನು ತಡೆ ಮಾಡಿಬಿಟ್ಟರೆ ಇಂಪೀಡೆನ್ಸ್‌ಗೆ ಏನು, ದೊಡ್ಡತಡೆನಾ?

ಉತ್ತರ 4

ಅನುವಾದ ಮಾಡುವವಳಾಗಿ ಒಂದು ಮಾತು. ನೀವೆಲ್ಲ ರೆಸಿಸ್ಟೆನ್ಸ್ ಮೇಲೆ ಬಿದ್ದಿದ್ದೀರಿ, ನಿಜವಾದ ತೊಡಕಿರುವುದು ಕರೆಂಟಿನಲ್ಲಿ. 'ಕರೆಂಟು ಬಂತು' ಅನ್ನುವಾಗ ನಮ್ಮ ಮನೆಗೆ ಬಂದಿರುವುದು ವೋಲ್ಟೇಜ್. ಏನನ್ನೂ ಚುಚ್ಚದ ಸಾಕೆಟ್ಟಿನಲ್ಲಿ ಹರಿವು ಸೊನ್ನೆ, ಆದರೂ 'ಕರೆಂಟಿದೆ, ಮುಟ್ಬೇಡ' ಅಂತೀವಿ. ಮಾತಿನ ಕನ್ನಡದಲ್ಲಿ ಕರೆಂಟ್ ಇಂಗ್ಲಿಷಿನ ಅರ್ಥ ಬಿಟ್ಟು ಯಾವಾಗಲೋ ಹೊರಗೆ ಬಂದಿದೆ. ಹಾಗಾಗಿ ಆ ಚೌಕದಲ್ಲಿ ಬರೀ 'ಕರೆಂಟ್' ಹಾಕಿದರೆ ಹುಡುಗರಿಗೆ ದಾರಿ ತಪ್ಪುತ್ತದೆ. ಪ್ರವಾಹ ಅಂದರೆ ನೆನಪಾಗುವುದು ನೆರೆ. 'ಹರಿವು' ಚೆನ್ನಾಗಿದೆ, ಎರಡನೇ ಉತ್ತರದವರ ಪಟ್ಟಿಯಲ್ಲಿ ನಾನು ಒಪ್ಪುವುದು ಇದೊಂದನ್ನೇ.

ರೋಧಕ್ಕೆ ನನ್ನ ಓಟು. ರೋಧ, ರೋಧಕ (ರೆಸಿಸ್ಟರ್), ರೋಧಶೀಲತೆ (ರೆಸಿಸ್ಟಿವಿಟಿ) ಅಂತ ಕುಟುಂಬವೇ ಸಿದ್ಧವಾಗಿದೆ. ಪ್ರತಿರೋಧವನ್ನು ಚಳವಳಿಗಾರರಿಗೆ ಬಿಟ್ಟುಕೊಡಿ.

ಉತ್ತರ 2 (ಮತ್ತೆ)

ಸಂಸ್ಕೃತದಿಂದ ತಂದರೆ 'ಸಿದ್ಧ ಕುಟುಂಬ', ನಮ್ಮದನ್ನು ಕಟ್ಟಿದರೆ ತಮಾಷೆ. ತಡೆಯಿಂದ 'ತಡೆಕ' ಮಾಡಲು ಎಷ್ಟು ಹೊತ್ತು ಬೇಕು? ಬೆಳೆಸದೆ ಬಡವು ಅಂದರೆ ಹೇಗೆ?

ಉತ್ತರ 1 (ಮತ್ತೆ)

ಓಮ್, ವೋಲ್ಟ್, ವಾಟ್, ಆಂಪಿಯರ್ ಇವನ್ನೂ ಅಚ್ಚಗನ್ನಡ ಮಾಡಿಬಿಡಿ.

ಉತ್ತರ 2 (ಮತ್ತೆ)

ಅವು ಮನುಷ್ಯರ ಹೆಸರು. ಓಮ್ 1827ರಲ್ಲಿ ತನ್ನ ನಿಯಮ ಅಚ್ಚು ಹಾಕಿಸಿದವನು, ಅವನ ಹೆಸರನ್ನು ಯಾಕೆ ಬದಲಿಸಲಿ? ಹೆಸರು ಬೇರೆ, ಪದ ಬೇರೆ. ಇದು ತಿಳಿಯದವರ ಜೊತೆ ವಾದವಿಲ್ಲ.

ಉತ್ತರ 3 (ಮತ್ತೆ)

ಇಂಗ್ಲಿಷಿನವರನ್ನೇ ನೋಡಿ. ಕರೆಂಟಿಗೆ ಅವರು ಬರೆಯುವ ಗುರುತು 'ಐ'. ಅದು ಫ್ರೆಂಚಿನ 'ತೀವ್ರತೆ' ಪದದ ಮೊದಲಕ್ಷರ. ಓಮ್‌ಗೆ ಬರೆಯುವ ಒಮೆಗಾ ಗ್ರೀಕ್. ಸಾಲದ ಮೇಲೆ ಸಾಲ, ಆದರೂ ಅವರ ಬಲ್ಬು ಉರಿಯುತ್ತಿದೆ. ಇನ್ನು 'ಅಚ್ಚಗನ್ನಡ'ದ ಒತ್ತಡದ ಬಗ್ಗೆ: ಟೈರಿನ ಗಾಳಿಗೂ ಅದೇ, ರಕ್ತಕ್ಕೂ ಅದೇ, ತಲೆಬಿಸಿಗೂ ಅದೇ. ವೋಲ್ಟೇಜ್ ಕಡಿಮೆ ಇದೆ ಅಂದರೆ ಅರ್ಥವಾಗದ ಮನೆ ಇಲ್ಲ. ಅದನ್ನು ಮುಟ್ಟಬೇಡಿ.

ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಚೌಕಗಳು ಹೀಗೆ ಹೋಗುತ್ತಿವೆ: ವೋಲ್ಟೇಜ್, ಹರಿವು, ರೋಧ, ಪವರ್. ಹರಿವಿನ ಕೆಳಗೆ ಚಿಕ್ಕದಾಗಿ 'ಆಂಪಿಯರ್ ಮೀಟರ್ ತೋರಿಸುವುದು' ಅಂತ ಸೇರಿಸಿದ್ದೇನೆ. ಪವರ್ ಚೌಕದಲ್ಲಿ ಯೂನಿಟ್ ಲೆಕ್ಕವೂ ಬಂದಿದೆ. ಉದಾಹರಣೆಯಲ್ಲಿ 'ಉಪಕರಣ' ತೆಗೆದು 'ಹೀಟರ್' ಅಂತ ಹಾಕಿದೆ. ಮೋಟರಿಗೆ ಈ ಲೆಕ್ಕ ಸಾಲದು ಅಂತ ಕೆಳಗೆ ಒಂದು ಸಾಲೂ ಇದೆ. ಫೈಲ್ ಪ್ರೆಸ್ಸಿಗೆ ಕಳಿಸಿಯಾಯಿತು. ಹೀಟರ್‌ಗೆ ಪದ ಇದ್ದರೆ ದಯವಿಟ್ಟು ಈಗ ಹೇಳಬೇಡಿ.

ಉತ್ತರ 2 (ಮತ್ತೆ)

ಕಾಸುಕ.